ತಟ್ಟೆಯ ಲೆಕ್ಕದಲ್ಲಿ ಬೆಳೆದ ಹಿತ್ತಲು

ನೀವೀಗ ನೋಡುತ್ತಿರುವುದು ತುಮಕೂರು ಜಿಲ್ಲೆಯ ನಮ್ಮ ಮನೆಯ ಹಿಂದೆ, ಬಚ್ಚಲಿಗೂ ಕಾಂಪೌಂಡಿಗೂ ನಡುವೆ ಉಳಿದಿರುವ 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲು. ಮೂರು ವರ್ಷಗಳ ಹಿಂದೆ ಇಲ್ಲಿ ಮೊದಲ ಸಲ ಮಡಿ ಮಾಡಿದಾಗ ನಾನು ಹಾಕಿದ್ದು ಹೂಕೋಸು, ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿ. ಕ್ಯಾಮೆರಾದಲ್ಲಿ ಅವು ಬಹಳ ಚೆಂದ ಕಂಡವು. ಆದರೆ ಟೊಮೆಟೊವೆಲ್ಲ ಮೂರೇ ವಾರಗಳಲ್ಲಿ ಒಟ್ಟಿಗೆ ಹಣ್ಣಾಗಿ, ತಿಂದು ಹಂಚಿ ಮುಗಿದ ಮೇಲೆ, ನಾವು ಮತ್ತೆ ಚೀಲ ಹಿಡಿದು ಸಂತೆಗೇ ಹೊರಟೆವು. ಮಕ್ಕಳ ತಟ್ಟೆಯಲ್ಲಿ ಸೊಪ್ಪು ಮೊದಲಿನಷ್ಟೇ ಅಪರೂಪವಾಗಿತ್ತು.

"ಬಚ್ಚಲ ನೀರು ಸುಮ್ನೆ ಹರಿದು ಹೋಗ್ತಿದೆ, ಅಲ್ಲೊಂದು ಬಸಳೆ ಕಡ್ಡಿನಾದ್ರೂ ಊರಮ್ಮ" ಎಂದು ಅತ್ತೆಯವರು ಅಂದೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಸೂಚಿಸಿರುವ ದಿನದ ಊಟದ ತಟ್ಟೆಯಲ್ಲಿ ಸುಮಾರು 400 ಗ್ರಾಂ ತರಕಾರಿಯೂ 100 ಗ್ರಾಂ ಹಣ್ಣೂ ಇರಬೇಕು, ಆ ತರಕಾರಿಯಲ್ಲಿ 100 ಗ್ರಾಂನಷ್ಟು ಸೊಪ್ಪೇ ಆಗಿರಬೇಕು ಎಂಬುದನ್ನು ಓದಿದ ಮೇಲೆ ನಾನು ಹಿತ್ತಲನ್ನು ಅಡುಗೆಮನೆಯ ಕಡೆಯಿಂದ ಲೆಕ್ಕ ಹಾಕತೊಡಗಿದೆ. ನಾವು ನಾಲ್ಕು ಜನ. ಅಂದರೆ ತಿಂಗಳಿಗೆ 12 ಕಿಲೋ ಸೊಪ್ಪು. ಇಷ್ಟನ್ನು ಒಂದೇ ದಿನ ಕೊಯ್ದು ಪ್ರಯೋಜನವಿಲ್ಲ, ದಿನವೂ ಸ್ವಲ್ಪಸ್ವಲ್ಪ ಸಿಗಬೇಕು. ಆದ್ದರಿಂದ ಹರಿವೆಯನ್ನು ಮೂರು ಮಡಿಗಳಲ್ಲಿ ಹತ್ತು ದಿನಗಳ ಅಂತರದಲ್ಲಿ ಬಿತ್ತುತ್ತೇನೆ. ಮೂರನೆಯದು ಮೊಳೆಯುವ ಹೊತ್ತಿಗೆ ಮೊದಲನೆಯದು ಕೊಯ್ಲಿಗೆ ಹತ್ತಿರವಾಗಿರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ತಳಿಯನ್ನು ಬುಡಸಮೇತ ಕೀಳದೆ ಮೇಲಿಂದ ಕೊಯ್ದರೆ ಮತ್ತೆ ಚಿಗುರುವುದರಿಂದ, ಸಣ್ಣ ಜಾಗಕ್ಕೆ ಅದೇ ಸೂಕ್ತವೆಂದು ನನ್ನ ಅನುಭವ.

ಬಚ್ಚಲ ಬದಿಯ ಈ ಚಪ್ಪರದಲ್ಲಿ ಹಬ್ಬಿರುವುದು ಅತ್ತೆಯವರ ಬಸಳೆ. ಮೂಲೆಯಲ್ಲಿ ನುಗ್ಗೆ, ಅದರ ಪಕ್ಕ ಪಪ್ಪಾಯಿ, ಬೇಲಿಗೆ ಚಕ್ರಮುನಿ; ಇವನ್ನು ವರ್ಷವರ್ಷವೂ ಬಿತ್ತುವ ಗೋಜಿಲ್ಲ. ಚಕ್ರಮುನಿಯನ್ನು ವಿಟಮಿನ್ ಸೊಪ್ಪು ಎಂದು ಕರೆಯುತ್ತಾರೆ ನಿಜ, ಆದರೆ ಅದನ್ನು ಹಸಿಯಾಗಿ ಅರೆದು ರಸ ಕುಡಿಯಬೇಡಿ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಹಾಗೆ ಕುಡಿದ ಅನೇಕರ ಶ್ವಾಸಕೋಶಗಳು ಶಾಶ್ವತವಾಗಿ ಹಾಳಾದವು. ನಾವು ಒಂದು ಹಿಡಿಯನ್ನು ಬೇಯಿಸಿ, ಬೇರೆ ಸೊಪ್ಪಿನೊಂದಿಗೆ ಬೆರೆಸಿ, ಅಪರೂಪಕ್ಕೆ ತಿನ್ನುತ್ತೇವೆ.

ಬೆಳೆದದ್ದು ಮೈಗೆ ಹತ್ತುವುದು ಒಲೆಯ ಮುಂದೆ ತೀರ್ಮಾನವಾಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ಫೋಲೇಟಿನಂಥ ಜೀವಸತ್ವಗಳೂ ಅದರೊಂದಿಗೆ ಹೋಗುತ್ತವೆ. ನಮ್ಮ ಸೀಮೆಯ ಬಸ್ಸಾರು ಆ ನೀರನ್ನೇ ಸಾರು ಮಾಡಿ ಮುದ್ದೆಗೆ ಬಡಿಸುವುದರಿಂದ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಬಸಿದ ಸೊಪ್ಪಿನ ಪಲ್ಯಕ್ಕೆ ಎಣ್ಣೆಯ ಒಗ್ಗರಣೆ ಬೇಕೇ ಬೇಕು, ಏಕೆಂದರೆ ಅದರಲ್ಲಿರುವ, ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೋಟಿನ್ ಜಿಡ್ಡಿಲ್ಲದೆ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಕೊನೆಗೆ ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಈ ಚಹಾದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಇನ್ನೂ ಒಪ್ಪಿಲ್ಲ.

ಹಾಗೆಂದು ಸೊಪ್ಪಿನಿಂದಲೇ ರಕ್ತಹೀನತೆ ವಾಸಿಯಾಗುತ್ತದೆಂದು ನಾನು ಹೇಳಲಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರನೆಯ ಎರಡು ಪಾಲು ರಕ್ತಹೀನತೆಯುಳ್ಳವರು. ನನ್ನ ಮಗಳಿಗೂ ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಅದನ್ನು ನಿಲ್ಲಿಸದೆ ಮುಗಿಸಿದೆವು, ಜೊತೆಗೆ ಸೊಪ್ಪು, ಕಾಳು, ಮೊಟ್ಟೆ ಮುಂದುವರಿದವು.

ಏಪ್ರಿಲಿನಲ್ಲಿ ಬೋರ್‌ವೆಲ್ ನೀರು ಕಡಿಮೆಯಾದಾಗ ಹರಿವೆಯ ಎರಡು ಮಡಿಗಳನ್ನು ಖಾಲಿ ಬಿಡಬೇಕಾಗುತ್ತದೆ. ಆಗ ನುಗ್ಗೆ ಸೊಪ್ಪೂ ಬಚ್ಚಲ ಬದಿಯ ಬಸಳೆಯೂ ಎರಡು ತಿಂಗಳು ನಮ್ಮನ್ನು ಸಾಕುತ್ತವೆ. ಆ ದಿನಗಳಲ್ಲಿ ಅತ್ತೆಯವರು ಚಪ್ಪರದ ಕೆಳಗೆ ನಿಂತು ಎಲೆ ಬಿಡಿಸುತ್ತಾ ನನ್ನ ಕಡೆ ಒಮ್ಮೆ ನೋಡುತ್ತಾರೆ, ಏನೂ ಹೇಳುವುದಿಲ್ಲ.