ನೆಪಕ್ಕೆ ತಾರೀಖು ಇರುವುದಿಲ್ಲ

ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಬೇಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದಲ್ಲೇ ಕುಳಿತಿರುವ ಜಾಣರೇ,

ಕಳೆದ ತಿಂಗಳು ಇದೇ ಹಿರಿಯ ನಾಗರಿಕರ ಸಭೆಯಲ್ಲಿ ವೈದ್ಯರೊಬ್ಬರು ಮಂಡಿ ನೋವಿನ ಬಗ್ಗೆ ಚೆನ್ನಾಗಿ ಮಾತನಾಡಿದರು. ಆಮೇಲೆ ಟೀ ಹೊತ್ತಿನಲ್ಲಿ ನಾಲ್ಕೈದು ಮಂದಿ ನನ್ನನ್ನು ಮೂಲೆಗೆ ಕರೆದರು. ಕೇಳಿದ್ದು ಮಂಡಿಯ ವಿಷಯವಲ್ಲ. "ಮೇಷ್ಟ್ರೇ, ಸ್ನೇಹಿತನಿಗೆ ಕೈಸಾಲ ಕೊಟ್ಟಿದ್ದೆ. ಕೇಳಿದಾಗಲೆಲ್ಲ ಒಂದೊಂದು ಕಥೆ ಹೇಳುತ್ತಾನೆ. ನಂಬುವುದೋ ಬಿಡುವುದೋ?" ಗಣಿತ ಪಾಠ ಮಾಡಿ ನಿವೃತ್ತನಾದ ನನ್ನನ್ನೇ ಏಕೆ ಕೇಳಿದರು? ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ ಎಂಬ ಗಾದೆಯ ಮೊದಲರ್ಧಕ್ಕೆ ಕೋಲಾರದಲ್ಲಿ ಸದ್ಯದ ಉದಾಹರಣೆ ನಾನೇ. ಎರಡನೆಯ ಅರ್ಧದ ಹೆಸರನ್ನು ಮಾತ್ರ ಕೇಳಬೇಡಿ. ಈ ಹೊತ್ತಿನ ಮಟ್ಟಿಗೆ ಅವನನ್ನು ಈರಭದ್ರ ಎಂದೇ ಕರೆಯುತ್ತೇನೆ.

ಐದು ಅಂಶಗಳನ್ನು ಬರೆದುಕೊಂಡು ಬಂದಿದ್ದೇನೆ. ಮೊದಲು ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅಂಶಗಳನ್ನು ಕೇಳುವುದಿಲ್ಲ.

2023ರ ಫೆಬ್ರವರಿ. ಈರಭದ್ರ ನನ್ನ ಬಾಲ್ಯದ ಸಹಪಾಠಿ, ಶ್ರೀನಿವಾಸಪುರದ ಕಡೆಯವನು. ಟೊಮೆಟೊ ಹಾಕುತ್ತೇನೆ, ಹನಿ ನೀರಾವರಿ ಪೈಪು, ಕಡ್ಡಿ, ಸಸಿ, ಔಷಧಿ ಎಲ್ಲಕ್ಕೂ ಸೇರಿ ಒಂದೂವರೆ ಲಕ್ಷ ಬೇಕು ಎಂದ. ನಿವೃತ್ತಿಯ ಹಣ ಬ್ಯಾಂಕಿನಲ್ಲಿ ಸುಮ್ಮನೆ ಕುಳಿತಿತ್ತು. ಖಾತೆಯಿಂದ ಖಾತೆಗೆ ಹಾಕಿದೆ. ಕಾಗದ ಬರೆಸಲಿಲ್ಲ. ಬರೆಸಿದರೆ ಅವನು ಏನೆಂದುಕೊಂಡಾನು ಎಂಬ ಸಂಕೋಚ. ಯಾವಾಗ ಕೊಡುತ್ತೀಯ ಎಂದೂ ಕೇಳಲಿಲ್ಲ. "ಬೆಳೆ ಬಂದ ಕೂಡಲೇ" ಎಂದು ಅವನೇ ಹೇಳಿದ. "ಕೂಡಲೇ" ಎಂಬುದು ಪಂಚಾಂಗದಲ್ಲಿ ಯಾವ ವಾರ ಬರುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಜುಲೈ ಬಂತು. ಆ ಜುಲೈ ನಿಮಗೆ ನೆನಪಿರಬೇಕು. ನಮ್ಮ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಹೊಲದಲ್ಲಿ ಟೊಮೆಟೊಗೆ ಕಾವಲು ಹಾಕಿದ ಕಾಲ. ಬೆಳಗಿನ ತಿಂಡಿಗೆ ಕುಳಿತು ಪತ್ರಿಕೆಯ ಅಂಚಿನಲ್ಲೇ ಲೆಕ್ಕ ಮಾಡಿದೆ. ಒಂದೂವರೆ ಲಕ್ಷಕ್ಕೆ 75 ಬಾಕ್ಸು, ಅಂದರೆ 1,125 ಕಿಲೋ. ಒಂದೇ ಕಟಾವಿನಲ್ಲಿ ನನ್ನ ಸಾಲ ತೀರಬೇಕು! ಫೋನ್ ಮಾಡಿದೆ. "ಬೆಳೆಯೇ ಇಲ್ಲ ಕಣಯ್ಯಾ, ಎಲೆ ಮುದುಡು ರೋಗ" ಎಂದ.

ನಾನು ನಂಬಲಿಲ್ಲ. ಇಡೀ ದೇಶ ಕೋಲಾರದ ಟೊಮೆಟೊ ಮಾತನಾಡುತ್ತಿರುವಾಗ ಇವನೊಬ್ಬನಿಗೆ ರೋಗವೇ? ಮರುದಿನ ಬೆಳಕು ಹರಿಯುವ ಮೊದಲೇ ತಲೆಗೆ ಮಫ್ಲರ್ ಸುತ್ತಿಕೊಂಡು ಎಪಿಎಂಸಿಗೆ ಹೋದೆ. ಯಾವ ಮಂಡಿಯ ಮುಂದೆ ಅವನ ಮಾಲು ಇಳಿಯುತ್ತದೆ ಎಂದು ಹಿಡಿಯಬೇಕಿತ್ತು. ಎರಡು ಗಂಟೆ ಬಾಕ್ಸುಗಳ ನಡುವೆ ಅಲೆದೆ. ಹಮಾಲಿಗಳು ಮೂರು ಸಲ ದಾರಿ ಬಿಡಿ ಎಂದು ಗದರಿದರು. ಹಳೆಯ ವಿದ್ಯಾರ್ಥಿಯೊಬ್ಬ "ಸಾರ್, ನೀವೂ ವ್ಯಾಪಾರ ಶುರು ಮಾಡಿದಿರಾ?" ಎಂದು ಕೇಳಿದ. ಈರಭದ್ರ ಸಿಗಲಿಲ್ಲ. ಅಲ್ಲಿಂದಲೇ ಬಸ್ಸು ಹತ್ತಿ ಅವನ ಊರಿಗೆ ಹೋದೆ.

ಹೊಲ ನೋಡಿದೆ. ಗಿಡಗಳ ತುದಿಯೆಲ್ಲ ಹಳದಿಯಾಗಿ ಮುಷ್ಟಿ ಹಿಡಿದ ಹಾಗೆ ಮುದುಡಿತ್ತು. ಗಿಡ ಅಲುಗಾಡಿಸಿದರೆ ಹಿಟ್ಟು ಉದುರಿದ ಹಾಗೆ ಬಿಳಿ ನೊಣ ಎದ್ದವು. ಕಾಯಿ ಗೋಲಿಯಷ್ಟೇ. ಅವನು ಹೇಳಿದ್ದು ಅಕ್ಷರಶಃ ನಿಜ. ಬೆಲೆ ಹಾಗೆ ಏರಿದ್ದಕ್ಕೆ ಇದೇ ರೋಗವೂ ಒಂದು ಕಾರಣ ಎಂಬ ಬುದ್ಧಿ ನನಗೆ ಅಲ್ಲಿ ನಿಂತ ಮೇಲೆ ಬಂತು. ಅವನ ಹೆಂಡತಿ ಮಜ್ಜಿಗೆ ಕೊಟ್ಟರು. ಲೋಟವನ್ನೇ ನೋಡುತ್ತಾ ಕುಡಿದೆ. ಹೊರಡುವಾಗ ಅವನು ಇದ್ದುದರಲ್ಲೇ ಆರಿಸಿ ಒಂದು ಚೀಲ ಹಣ್ಣು ಕೊಟ್ಟ. ಮನೆಯಲ್ಲಿ ನನ್ನಾಕೆ ತೂಗಿದಳು. ಎರಡು ಕಿಲೋ. ಅಂದಿನ ದರದಲ್ಲಿ ಸುಮಾರು 270 ರೂಪಾಯಿ ವಸೂಲಾಗಿದೆ ಎಂದೆ. "ಇದನ್ನು ಅಸಲಿಗೆ ಜಮಾ ಮಾಡುತ್ತೀರೋ, ಬಡ್ಡಿಗೋ?" ಎಂದಳು.

ನೀವು ನಗುತ್ತಿದ್ದೀರಿ, ನಗಿ. ಆದರೆ ಆ ದಿನ ಏನಾಯಿತು ನೋಡಿ. ನಾನು ಅವನ ಮೇಲೆ ಸಂಶಯಪಟ್ಟೆ, ಸಂಶಯ ಸುಳ್ಳಾಯಿತು, ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಎಂಟು ತಿಂಗಳು ಹಣದ ಮಾತೇ ಎತ್ತಲಿಲ್ಲ. ಸುಳ್ಳು ನೆಪವಾದರೆ ಜಗಳವಾದರೂ ಆಗುತ್ತದೆ. ನೆಪ ನಿಜವಾದರೆ ಅದು ಸಾಲ ಕೊಟ್ಟವನ ಬಾಯಿಗೇ ಬೀಗ ಹಾಕುತ್ತದೆ. ರೋಗ ನಿಜ, ಸರಿ. ತಾರೀಖು ಎಲ್ಲಿ? ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಶುರುವಾಯಿತು. ಮಾವು ಬರಲಿ. ಮಾವು ಬಂತು, ಬೆಲೆ ಬರಲಿಲ್ಲ. ಭಾವಮೈದ ಹುಳು ಮೇಯಿಸುತ್ತಿದ್ದಾನೆ, ಶಿಡ್ಲಘಟ್ಟಕ್ಕೆ ಗೂಡು ಹಾಕಿದ ದಿನ ಕೊಡಿಸುತ್ತೇನೆ. ರೇಷ್ಮೆಯ ನೆಪದ ಅನುಕೂಲವೇನೆಂದರೆ ಅದು ಒಂದು ತಿಂಗಳಿಗೆ ಸರಿಯಾಗಿ ಹೊಸದಾಗುತ್ತದೆ. ಸರ್ವರ್ ಇಲ್ಲ, ಪಾಸ್‌ಬುಕ್ ಬ್ಯಾಂಕಿನಲ್ಲಿದೆ, ಮಗಳ ಸೀಮಂತ. ಹಳ್ಳಿಯ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿದ್ದನ್ನು ನೀವೆಲ್ಲ ಕಂಡಿದ್ದೀರಿ. ರಾತ್ರಿ ಬರುವ ದೆವ್ವ ಅದನ್ನು ಓದಿಕೊಂಡು ಹಿಂದೆ ಹೋಗುತ್ತದೆಯಂತೆ, ಮರುದಿನ ಬಂದು ಮತ್ತೆ ಓದಿಕೊಳ್ಳುತ್ತದೆಯಂತೆ. ಚಿಕ್ಕಂದಿನಲ್ಲಿ ಆ ದೆವ್ವ ಎಷ್ಟು ದಡ್ಡ ಎಂದು ನಗುತ್ತಿದ್ದೆ. ಈಗ ಅದರ ಕಷ್ಟ ಅರ್ಥವಾಗುತ್ತದೆ. ಅದೂ ಯಾರಿಗೋ ಕೈಸಾಲ ಕೊಟ್ಟಿರಬೇಕು.

ಇನ್ನು ಮುಯ್ಯಿಯ, ಅಂದರೆ ಮದುವೆ ಮನೆಯಲ್ಲಿ ಕೊಡುವ ಉಡುಗೊರೆ ಹಣದ ಕಥೆ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ, ನಾನು ನೋಡುವುದಿಲ್ಲ.

ಒಂದು ದಿನ ಬೆಳಿಗ್ಗೆ ಫೋನಿನಲ್ಲಿ "ಕೈಯಲ್ಲಿ ನೂರು ರೂಪಾಯಿಗೂ ಗತಿಯಿಲ್ಲ" ಎಂದ. ಅದೇ ಸಂಜೆ ಒಂದು ಆರತಕ್ಷತೆ. ಗಣಿತ ಮೇಷ್ಟ್ರು ಎಂದು ನನ್ನನ್ನು ಎಲ್ಲ ಮದುವೆಗಳಲ್ಲೂ ಮುಯ್ಯಿ ಬರೆಯಲು ಕೂರಿಸುತ್ತಾರೆ. ತಲೆ ಬಗ್ಗಿಸಿ ಬರೆಯುತ್ತಿದ್ದೆ. ಒಂದು ಕವರು ಮುಂದಕ್ಕೆ ಬಂತು. ಹೆಸರು ಎಂದೆ. ಉತ್ತರವಿಲ್ಲ. ತಲೆಯೆತ್ತಿದರೆ ಈರಭದ್ರ! ಕವರು ಬಿಚ್ಚಿದೆ, 1,001 ರೂಪಾಯಿ. ಅವನ ಹೆಸರನ್ನು, ಊರನ್ನು, ಆ 1,001ನ್ನು ನನ್ನ ಕೈಯಾರೆ ದುಂಡಾಗಿ ಬರೆದೆ. ಅವನು ಊಟದ ಮನೆಯ ಕಡೆ ಹೋದ. ಅವತ್ತು ಹೋಳಿಗೆ ಇತ್ತು, ನಾನು ತಿನ್ನಲಿಲ್ಲ.

ರಾತ್ರಿಯೆಲ್ಲ ಸಿಟ್ಟು. ಕೊನೆಗೂ ಸುಳ್ಳು ಸಿಕ್ಕಿತು ಎಂಬ ಸಂತೋಷವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ನನ್ನಾಕೆಗೆ ಹೇಳಿದೆ. ಅವಳು ಹೇಳಿದ್ದು ಇಷ್ಟು: "ಅವರ ಮಗಳ ಮದುವೆಗೆ ಆ ಮನೆಯವರು ಐನೂರೋ ಸಾವಿರವೋ ಹಾಕಿದ್ದಾರೆ. ಅದು ಪುಸ್ತಕದಲ್ಲಿದೆ. ಕೊಡದಿದ್ದರೆ ಓದಿ ಹೇಳುತ್ತಾರೆ. ನಿಮ್ಮದು ಎಲ್ಲಿದೆ?"

ಇದು ನಾನು ಇವತ್ತು ಹೇಳಲು ಬಂದ ಮಾತು. 101 ರೂಪಾಯಿ ಮುಯ್ಯಿಗೆ ನಾವು ಪುಸ್ತಕ ಇಡುತ್ತೇವೆ. ಹೆಸರು, ಊರು, ತಾರೀಖು ಬರೆದು, ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಬೀರುವಿನಲ್ಲಿ ಇಡುತ್ತೇವೆ. ಯಾರಿಗೂ ಅವಮಾನವಾಗುವುದಿಲ್ಲ. ಒಂದೂವರೆ ಲಕ್ಷಕ್ಕೆ ಮಾತ್ರ ಬರೆದರೆ ಸ್ನೇಹ ಕೆಡುತ್ತದೆ! ಇಲ್ಲಿ ಕುಳಿತಿರುವ ತಾಯಂದಿರು ಸ್ತ್ರೀಶಕ್ತಿ ಸಂಘದಲ್ಲಿ ವಾರವಾರ ಪುಸ್ತಕ ಬರೆಯುತ್ತಾರೆ. ಪಕ್ಕದ ಮನೆಯವಳ ಮುಂದೆಯೇ ಅವಳ ಸಾಲ ಬರೆದು, ಆಮೇಲೆ ಅವಳ ಮನೆಯಲ್ಲೇ ಕಾಫಿ ಕುಡಿದು ಬರುತ್ತಾರೆ. ಗಂಡಸರಿಗೆ ಮಾತ್ರ ಈ ಸಂಕೋಚ. ಬರವಣಿಗೆ ಇಲ್ಲದ ಕಡೆ ಸ್ನೇಹಿತನ ನೆಪವನ್ನೇ ಪತ್ರದ ಹಾಗೆ ಹಿಂದೆ ಮುಂದೆ ತಿರುಗಿಸಿ ಓದುತ್ತಾ ಕೂರುತ್ತೇವೆ. ನಿಜವೋ ಸುಳ್ಳೋ, ನಿಜವೋ ಸುಳ್ಳೋ. ಎರಡೂ ಆಗಬಹುದು, ತಾರೀಖು ಎಲ್ಲಿ?

ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿಗೆ ಹಾಕುವಾಗ ವಾಪಸ್ ಬರುತ್ತದೆ ಎಂದುಕೊಂಡು ಯಾರೂ ಹಾಕುವುದಿಲ್ಲ. ಸ್ನೇಹಿತನಿಗೆ ಹಾಗೆ ಕೊಡಬೇಕೆನಿಸಿದರೆ ಹಾಗೆಂದೇ ಹೇಳಿ ಕೊಡಿ. ಹುಂಡಿಗೆ ಹಾಕಿ ಮುಯ್ಯಿ ನಿರೀಕ್ಷಿಸುವುದು ಯಾವ ಲೆಕ್ಕ?

ಇನ್ನು ಕಾನೂನು. ಇದು ಮೂರನೆಯ ಅಂಶ, ಎರಡನೆಯದು ಎಲ್ಲೋ ಕಥೆಯಲ್ಲೇ ಹೋಯಿತು. ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿ ಕೂರಿಸಿಕೊಂಡು ಹೇಳಿದ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಕೈಸಾಲಕ್ಕೆ, ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ನೀವು ನೆಪಗಳನ್ನು ಪರೀಕ್ಷಿಸುತ್ತಾ ಕುಳಿತರೆ ಮೂರು ವರ್ಷ ತಾನಾಗಿ ಮುಗಿಯುತ್ತದೆ. ಆದರೆ ಅವಧಿ ಮುಗಿಯುವುದರೊಳಗೆ ಸಾಲಗಾರ "ಇಷ್ಟು ಕೊಡಬೇಕಾಗಿದೆ" ಎಂದು ಬರೆದು ಸಹಿ ಹಾಕಿದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಕೆ. ಒಂದು ಕಂತು ಕೊಟ್ಟು ಅದನ್ನು ತನ್ನ ಕೈಯಲ್ಲೇ ಬರೆದುಕೊಟ್ಟರೂ ಹಾಗೆಯೇ. ಹಿಂದಿನವರು ಪ್ರೋನೋಟಿನ, ಅಂದರೆ ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರದ, ಬೆನ್ನಿಗೆ ಶರಾ ಬರೆಸುತ್ತಿದ್ದುದು ಇದಕ್ಕೇ. ನಮ್ಮ ತಂದೆ ಅಕ್ಷರ ಕಲಿತದ್ದೇ ಅಷ್ಟಕ್ಕೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಚೆಕ್ ಇಸಿದುಕೊಂಡವರು ಕೇಳಿ: ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲದೆ ವಾಪಸಾದರೆ, ವಿಷಯ ತಿಳಿದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಅವನಿಗೆ 15 ದಿನ ಗಡುವು, ಅಲ್ಲಿಂದ ಒಂದು ತಿಂಗಳೊಳಗೆ ದೂರು. ನೋಡಿ, ಕಾನೂನು ಕೂಡ ನೆಪ ಕೇಳುವ ಮೊದಲು ತಾರೀಖು ಕೇಳುತ್ತದೆ. ನಗದಿನಲ್ಲಿ ಕೊಡುವ ಸಾಲಕ್ಕಿರುವ 20,000 ರೂಪಾಯಿಯ ಮಿತಿಯ ಬಗ್ಗೆ ಹೇಳುವುದಿತ್ತು, ಚೀಟಿ ಬಂದಿದೆ, ಬಿಡುತ್ತೇನೆ. ನಾಲ್ಕನೆಯ ಅಂಶವನ್ನೂ ಬಿಟ್ಟೆ. ಐದನೆಯದು ಏನೆಂದು ನನ್ನ ಅಕ್ಷರವೇ ನನಗೆ ಓದಲು ಬರುತ್ತಿಲ್ಲ.

ಈ ಜನವರಿಯಲ್ಲಿ, ಮೂರು ವರ್ಷ ತುಂಬಲು ಇನ್ನೊಂದು ತಿಂಗಳು ಇದ್ದಾಗ, ಬಿಳಿ ಹಾಳೆ ಹಿಡಿದು ಮತ್ತೆ ಅವನ ಊರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಅಭ್ಯಾಸ ಮಾಡಿದ್ದೆ. ಯಾವುದೂ ಬೇಕಾಗಲಿಲ್ಲ. ಕನ್ನಡಕ ಹಾಕಿಕೊಂಡು, ಒಂದು ಮಾತೂ ಆಡದೆ ಬರೆದ. ತಿಂಗಳಿಗೆ 5,000, ಪ್ರತಿ 5ನೇ ತಾರೀಖು. ಸಹಿ ಹಾಕಿ, "ಇದನ್ನು ಮೊದಲೇ ತರಬಾರದಿತ್ತೇನಯ್ಯಾ? ನಿನ್ನ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು" ಎಂದ. ನನಗೂ ಹಾಗೇ ಆಗುತ್ತಿತ್ತು ಎಂದು ಹೇಳಲಿಲ್ಲ. ಮಜ್ಜಿಗೆ ಮತ್ತೆ ಬಂತು.

ಎರಡು ಕಂತು ಬಂದಿವೆ. ಮೂರನೆಯದು 5ಕ್ಕೆ ಬರಬೇಕಿತ್ತು, ಇವತ್ತು 9. ಬೆಳಿಗ್ಗೆ ಫೋನ್ ಮಾಡಿದ್ದೆ. ಮೊಮ್ಮಗಳಿಗೆ ಜ್ವರ, ಆಸ್ಪತ್ರೆಯ ಖರ್ಚು ಎಂದ. ಮಗು ಹೇಗಿದೆ ಎಂದು ಕೇಳಿದೆ. ಆಮೇಲೆ ಯಾವತ್ತು ಎಂದೆ. 14 ಎಂದ. ಬರೆದುಕೊಂಡಿದ್ದೇನೆ. ಟೀ ಆರುತ್ತಿದೆ ಎಂದು ಕಾರ್ಯದರ್ಶಿಗಳು ಎರಡನೆಯ ಚೀಟಿ ಕಳುಹಿಸಿದ್ದಾರೆ, ನಮಸ್ಕಾರ.