ಹೊಡೆದಿದ್ದು ಆ ಬೆಳೆಗೆ, ಸಿಕ್ಕಿಬಿದ್ದಿದ್ದು ಈ ಬೆಳೆ

ಎಲ್ರಿಗೂ ನಮಸ್ಕಾರ. ಅಧ್ಯಕ್ಷರು ಮೊದ್ಲು ಇಪ್ಪತ್ತು ನಿಮಿಷ ಅಂದಿದ್ರು, ಈಗ ಹತ್ತು ಅಂತಿದಾರೆ, ಇರ್ಲಿ, ಸೀದಾ ಸೌತೆಕಾಯಿಗೆ ಬರ್ತೀನಿ.

ಒಬ್ರು ರೈತರು ಲ್ಯಾಬ್ ರಿಪೋರ್ಟ್ ಹಿಡ್ಕೊಂಡು ನನ್ನ ಹತ್ರ ಬಂದಿದ್ರು. ಸೌತೆಕಾಯಿ ಸ್ಯಾಂಪಲ್ ಫೇಲು, ಕೀಟನಾಶಕದ ಉಳಿಕೆ ಮಿತಿ ಮೀರಿತ್ತು. "ಒಂದ್ ಹನಿನೂ ಹೊಡೆದಿಲ್ಲ ಸಾರ್" ಅಂದು ಚೀಲದಿಂದ ಡೈರಿ ತೆಗೆದ್ರು ನೋಡಿ, ಯಾವತ್ತು ನೀರು ಬಿಟ್ಟೆ, ಯಾವತ್ತು ಗೊಬ್ಬರ ಹಾಕ್ದೆ, ಮೋಟರ್ ಸುಟ್ಟಿದ್ದು ಯಾವತ್ತು, ಎಲ್ಲಾ ಇದೆ. ಅಷ್ಟಿದ್ರೂ ನಾನು ನಂಬಲಿಲ್ಲ, ನನ್ನ ತಪ್ಪೇ, ಪಕ್ಕದ ಹೊಲದಿಂದ ಗಾಳಿಗೆ ಬಂದಿರ್ಬೇಕು ಅಂದ್ಬಿಟ್ಟೆ. ಆಮೇಲೆ ಹಿಂದಿನ ಪುಟ ತಿರುಗಿಸ್ತಾ ಹೋದ್ರೆ, ಹಿಂದಿನ ಬೆಳೆ ಬುಡಕ್ಕೆ ಸುರಿದಿದ್ದ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಸಿಕ್ತು. ರಿಪೋರ್ಟಲ್ಲಿದ್ದದ್ದೂ ಅದೇ.

ನನ್ನ ತಕರಾರು ಇಷ್ಟೇ. ಡಬ್ಬಿ ಮೇಲೆ ಕೊಯ್ಲಿಗೆ ಇಷ್ಟು ದಿನ ಮುಂಚೆ ನಿಲ್ಸಿ ಅಂತಿರುತ್ತೆ, ಅದು ಈ ಬೆಳೆಯ ಲೆಕ್ಕ. ಮಣ್ಣಿನ ಲೆಕ್ಕ ಇಡೋರ್ಯಾರು? ಅರ್ಧಾಯುಷ್ಯ, ಅಂದ್ರೆ ಔಷಧಿ ಅರ್ಧಕ್ಕೆ ಇಳಿಯೋಕೆ ಹಿಡಿಯೋ ಕಾಲ, ಒಂದು ವರ್ಷ ಅಂದ್ರೆ ಎರಡು ವರ್ಷಕ್ಕೆ ಪೂರ್ತಿ ಖಾಲಿ ಅಂತ ತಿಳ್ಕೊಂಡಿರೋರು ಈ ಸಭೇಲೂ ಇರ್ಬಹುದು, ಕೈ ಎತ್ತೋದು ಬೇಡ ಬಿಡಿ. 100 ಇದ್ದದ್ದು 50 ಆಗುತ್ತೆ, ಆಮೇಲೆ 25. ಅದೂ ಮಣ್ಣಲ್ಲಿ ತೇವ ಇದ್ರೆ, ಒಣಗಿದ್ರೆ ಅದನ್ನ ಒಡೆಯೋ ಸೂಕ್ಷ್ಮಜೀವಿಗಳು ಮಲಗಿಬಿಡ್ತವೆ, ಕ್ಯಾಲೆಂಡರ್ ಮಾತ್ರ ಓಡ್ತಿರುತ್ತೆ.

ಜಪಾನ್‌ನಲ್ಲಿ ಡೀಲ್ಡ್ರಿನ್ ಅನ್ನೋ ಹಳೇ ಕೀಟನಾಶಕದ ಬಳಕೆ 1970ರ ದಶಕದಲ್ಲೇ ನಿಂತೋಯ್ತು. 2000 ದಾಟಿದ್ಮೇಲೂ ಸೌತೆಕಾಯೀಲಿ ಸಿಕ್ತಿತ್ತು! ಹೊಡೆದವರ ಮಕ್ಕಳು ಬೇಸಾಯ ಮಾಡೋ ಹೊತ್ತಿಗೆ ಕಾಯಿಗೆ ಬರುತ್ತೆ. ಅದ್ಯಾಕೆ ಸೌತೆಕಾಯೀಲೇ ಅಂದ್ರೆ, ಡೀಲ್ಡ್ರಿನ್, ಡಿಡಿಟಿ ಇವೆಲ್ಲ ಎಣ್ಣೆ ಜಾತಿ, ನೀರಿಗೆ ಸೇರಲ್ಲ, ಮಣ್ಣಿನ ಸಾವಯವ ಅಂಶಕ್ಕೆ ಅಂಟ್ಕೊಂಡು ಕೂತ್ಬಿಡ್ತವೆ, ಹೆಚ್ಚಿನ ಗಿಡಗಳಲ್ಲಿ ಬೇರಿನ ಸಿಪ್ಪೆ ದಾಟಲ್ಲ, ಕ್ಯಾರೆಟ್ ಸಿಪ್ಪೆ ಹೆರೆದ್ರೆ ಬಹಳಷ್ಟು ಹೋಗೋದು ಅದಕ್ಕೇ. ಆದ್ರೆ ಸೌತೆ, ಕುಂಬಳದ ಕುಟುಂಬದ ಗಿಡಗಳ ರಸದಲ್ಲಿ ಕೆಲವು ಪ್ರೋಟೀನ್‌ಗಳಿವೆ, ಅವು ಈ ಎಣ್ಣೆ ಜಾತೀನ ಹೆಗಲ ಮೇಲೆ ಕೂರಿಸ್ಕೊಂಡು ಮೇಲಕ್ಕೆ ಒಯ್ತವೆ. ಅದೇ ಮಣ್ಣಲ್ಲಿ ಟೊಮೇಟೊ ಹಾಕಿದ್ರೆ ಕಾಯಿಗೆ ಬರೋದು ತೀರಾ ಕಮ್ಮಿ. ಇಮಿಡಾಕ್ಲೋಪ್ರಿಡ್‌ಗೆ ಈ ಹೆಗಲೂ ಬೇಡ, ನೀರಿನ ಜೊತೆಗೇ ಎಲೆವರೆಗೂ ಹತ್ತುತ್ತೆ, ನೀರು ಆವಿಯಾಗುತ್ತೆ, ಅದು ಎಲೇಲೇ ಉಳ್ಕೊಳುತ್ತೆ.

ಚೀಟಿ ಬಂತು. ಆಯ್ತು ಆಯ್ತು.

ಕಾನೂನಲ್ಲಿ ಏನೂ ಇಲ್ಲ ಅಂತಲ್ಲ, ಹೊಸ ಔಷಧಿ ಬರುವಾಗ ಖಾಲಿ ಮಣ್ಣಿಗೆ ಹಾಕಿ, ಸುಮಾರು 30 ದಿನ, 120 ದಿನ, ಒಂದು ವರ್ಷ ಬಿಟ್ಟು ಬೇರೆ ಬೆಳೆ ಬೆಳೆದು ಪರೀಕ್ಷೆ ಮಾಡ್ತಾರೆ. ಆ ಅಂಕಿ ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ಬರ್ಲಿ ಅನ್ನೋದೇ ನನ್ನ ಗಲಾಟೆ. ಕೆರಿಬಿಯನ್ ಕಡೆಯ ಮಾರ್ಟಿನಿಕ್ ದ್ವೀಪದ ಕ್ಲೋರ್ಡೆಕೋನ್ ಅನ್ನೋ ಕೀಟನಾಶಕದ ಕಥೆ, 1993ಕ್ಕೆ ನಿಂತ್ರೂ ಗೆಡ್ಡೆಗಳಲ್ಲಿ ಇನ್ನೂ ಸಿಗ್ತಿರೋದು, ಹೇಳೋಣ ಅಂತಿದ್ದೆ, ಟೈಮಿಲ್ಲ. ಇದ್ದಿಲು ಹಾಕಿ ಈ ಔಷಧಿಗಳನ್ನ ಮಣ್ಣಲ್ಲೇ ಕಟ್ಟಿಹಾಕೋ ವಿಷಯಾನೂ ಹಾಗೇ ಉಳೀತು.

ಆ ರೈತರು ಹೊರಡೋವಾಗ ಕೇಳಿದ್ರು, "ಮುಂದೆ ಅಲ್ಲೇನು ಹಾಕ್ಲಿ ಸಾರ್?" ಮೊದ್ಲು ಮಣ್ಣು ಟೆಸ್ಟ್ ಮಾಡ್ಸಿ, ಅಲ್ಲೀವರೆಗೂ ಸೊಪ್ಪು ಮಾತ್ರ ಬೇಡ ಅಂದೆ. ತಾರೀಕು ಹಾಕಿ ಅದನ್ನೂ ಡೈರೀಲಿ ಬರ್ಕೊಂಡ್ರು.