ಕುತ್ತಿಗೆಯ ಕಪ್ಪು ಕೊಳೆಯಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಮಕ್ಕಳ ಬೊಜ್ಜಿನ ಬಗ್ಗೆ ಮಾತಾಡೋಣ.

ಹೋದ ವರ್ಷ ಬೇಸಿಗೆ ರಜೆ ಮುಗಿಯುತ್ತಾ ಬಂದಾಗ ಒಬ್ಬ ತಾಯಿ ತಮ್ಮ ಒಂಬತ್ತು ವರ್ಷದ ಮಗನನ್ನು ನನ್ನ ಹತ್ತಿರ ಕರೆತಂದರು. ತೂಕದ ವಿಷಯಕ್ಕಲ್ಲ. "ಡಾಕ್ಟ್ರೇ, ಇವನ ಕುತ್ತಿಗೆ ನೋಡಿ. ಕಡಲೆಹಿಟ್ಟು ಹಾಕಿ ಉಜ್ಜಿದೆ, ನಿಂಬೆಹಣ್ಣು ಹಚ್ಚಿದೆ. ಕೊಳೆ ಹೋಗ್ತಾನೇ ಇಲ್ಲ" ಅಂದರು. ಹುಡುಗ ಕಾಲರ್ ಮೇಲೆಳೆದುಕೊಂಡು ನಿಂತಿದ್ದ. ಬಗ್ಗಿಸಿ ನೋಡಿದೆ. ಕುತ್ತಿಗೆಯ ಹಿಂದೆ ಕಪ್ಪನೆಯ ಪಟ್ಟಿ, ಮುಟ್ಟಿದರೆ ವೆಲ್ವೆಟ್ ಬಟ್ಟೆಯ ಹಾಗೆ ದಪ್ಪ. ಉಜ್ಜಿ ಉಜ್ಜಿ ಒಂದು ಕಡೆ ಚರ್ಮ ತರಚಿತ್ತು. ಕಂಕುಳಲ್ಲೂ ಹಾಗೇ ಕಪ್ಪಾಗಿತ್ತು.

ಅದು ಕೊಳೆ ಅಲ್ಲ. ನಾವು ತಿಂದದ್ದು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಜೀವಕೋಶಗಳ ಒಳಗೆ ಕಳಿಸುವುದು ಇನ್ಸುಲಿನ್. ಹೊಟ್ಟೆಯಲ್ಲಿ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡಾಗ ಜೀವಕೋಶಗಳು ಇನ್ಸುಲಿನ್ ಮಾತು ಕೇಳುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೀಗೆ ಜಾಸ್ತಿಯಾದ ಇನ್ಸುಲಿನ್ ಚರ್ಮವನ್ನು ದಪ್ಪ ಮಾಡಿ ಕಪ್ಪಾಗಿಸುತ್ತದೆ. ಇದು ಸಕ್ಕರೆ ಕಾಯಿಲೆಯ ಕಡೆಗೆ ಹೋಗುವ ದಾರಿ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದಯವಿಟ್ಟು ಉಜ್ಜಬೇಡಿ, ಮಗುವಿಗೆ ನೋವಾಗುತ್ತದೆ ಅಷ್ಟೆ.

ಆ ಹುಡುಗನ ಎತ್ತರ 132 ಸೆಂಟಿಮೀಟರ್, ತೂಕ 46 ಕಿಲೋ. ಆ ಎತ್ತರಕ್ಕೆ 30 ಕಿಲೋ ಆಸುಪಾಸಿನಲ್ಲಿದ್ದರೆ ಸಾಕಿತ್ತು. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿತ್ತು. ಸ್ಕ್ಯಾನ್‌ನಲ್ಲಿ ಲಿವರ್‌ಗೆ ಕೊಬ್ಬು ಕಟ್ಟಿರುವುದು ಕಂಡಿತು. ಒಂಬತ್ತು ವರ್ಷದ ಮಗುವಿಗೆ!

"ಥೈರಾಯ್ಡ್ ಇರಬಹುದಾ ಡಾಕ್ಟ್ರೇ?" ಎಂದು ಎಲ್ಲರೂ ಕೇಳುತ್ತಾರೆ. ಹಾರ್ಮೋನ್ ತೊಂದರೆಯಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಎತ್ತರ ಬೆಳೆಯುವುದಿಲ್ಲ. ಮಗು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯುತ್ತಾ ದಪ್ಪಗಾಗುತ್ತಿದ್ದರೆ ಕಾರಣ ಹೆಚ್ಚಾಗಿ ಊಟ, ಆಟ, ನಿದ್ದೆಯಲ್ಲೇ ಇರುತ್ತದೆ.

ನಮ್ಮಲ್ಲಿ ಇಷ್ಟು ದಿನ ಎಲ್ಲರ ಕಣ್ಣು ತೂಕ ಕಡಿಮೆ ಇರುವ ಮಕ್ಕಳ ಮೇಲೇ ಇತ್ತು. ಇರಲೂಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದಕ್ಕೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಆದರೆ ಅದೇ ಸಮೀಕ್ಷೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಈ ವಯಸ್ಸಿನಲ್ಲಿ ಅತಿತೂಕದ ಮಕ್ಕಳು 2015-16ರಲ್ಲಿ ನೂರಕ್ಕೆ 2.1 ಇದ್ದರು, 2019-21ರಲ್ಲಿ 3.4. ಜಗತ್ತಿನ ಮಟ್ಟದಲ್ಲಿ, 5ರಿಂದ 19 ವರ್ಷದವರಲ್ಲಿ ಬೊಜ್ಜು ಇರುವವರ ಪ್ರಮಾಣ ಕಡಿಮೆ ತೂಕದವರನ್ನು ದಾಟಿದೆ ಎಂದು ಯುನಿಸೆಫ್ 2025ರಲ್ಲಿ ಹೇಳಿತು. ಒಂದೇ ಬೀದಿಯಲ್ಲಿ ಎರಡೂ ತರದ ಮಕ್ಕಳಿದ್ದಾರೆ.

ಬೊಜ್ಜಿನ ಬೇರು ತಾಯಿಯ ಹೊಟ್ಟೆಯಲ್ಲೇ ಇರಬಹುದು ಎನ್ನುವುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1990ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದ ನೂರಾರು ಗರ್ಭಿಣಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದು ವರ್ಷಕ್ಕೇ ಕೊಬ್ಬು ಜಾಸ್ತಿ ಇತ್ತು. ಪುಣೆಯ ಅಧ್ಯಯನಗಳು ಇನ್ನೊಂದನ್ನು ತೋರಿಸಿದವು. ನಮ್ಮ ಕೂಸುಗಳು ಹುಟ್ಟುವಾಗ ಸಣ್ಣಗಿರುತ್ತವೆ, ಮಾಂಸಖಂಡ ಕಡಿಮೆ, ಆದರೆ ಅದಕ್ಕೆ ಹೋಲಿಸಿದರೆ ಕೊಬ್ಬು ಜಾಸ್ತಿ. ಸಣ್ಣಗೆ ಹುಟ್ಟಿತು ಅಂತ ತುರುಕಿ ತುರುಕಿ ತಿನ್ನಿಸಿದರೆ ಏನಾಗುತ್ತದೆ, ಯೋಚಿಸಿ. ಗರ್ಭಿಣಿಯ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ಎರಡು ವರ್ಷ ತುಂಬುವ ತನಕ ಸಕ್ಕರೆ ಬೇಡವೇ ಬೇಡ.

ಮತ್ತೆ ಆ ಹುಡುಗನಿಗೆ ಬರೋಣ. ಅವನ ಒಂದು ದಿನದ ಲೆಕ್ಕ ಕೇಳಿದೆ. ಬೆಳಗ್ಗೆ ಹಾಲಿಗೆ ಮೂರು ಚಮಚ ಚಾಕಲೇಟ್ ಪುಡಿ, ಮೇಲೆ ಸಕ್ಕರೆ. ಆ ಪುಡಿಯಲ್ಲೇ ಸಕ್ಕರೆ ತುಂಬಿರುತ್ತದೆ. ಅಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು 2024ರಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ಡಬ್ಬಿಗೆ ಬಿಸ್ಕತ್ತು. ಸಂಜೆ ಮೂಲೆ ಅಂಗಡಿಯ ಐದು ರೂಪಾಯಿ ಪ್ಯಾಕೆಟ್ ಎರಡು, ಜೊತೆಗೊಂದು ಕೂಲ್‌ಡ್ರಿಂಕ್. ಆಮೇಲೆ ಟ್ಯೂಷನ್. ರಾತ್ರಿ ಮೊಬೈಲ್ ನೋಡುತ್ತಾ ಊಟ. ಮಲಗುವಾಗ ಹನ್ನೊಂದೂವರೆ.

ನಾನು ಮೇಜಿನ ಮೇಲೆ ಸಕ್ಕರೆ ಡಬ್ಬಿ ಇಟ್ಟುಕೊಂಡಿರುತ್ತೇನೆ. ಒಂದು ಲೋಟಕ್ಕೆ ಚಮಚ ಚಮಚ ಹಾಕುತ್ತಾ ಹೋದೆ. ಐದು ಚಮಚ. "ಇದು 250 ಎಂಎಲ್ ಕೋಲಾದಲ್ಲಿರುವ ಸಕ್ಕರೆ" ಅಂದೆ. ಸುಮಾರು 26 ಗ್ರಾಂ. ಮಗುವಿಗೆ ಇಡೀ ದಿನಕ್ಕೆ, ಹೊರಗಿನಿಂದ ಬೆರೆಸಿದ ಸಕ್ಕರೆ 25 ಗ್ರಾಂ ದಾಟಬಾರದು. ಜೊತೆಗೆ ಬಂದಿದ್ದ ಹುಡುಗನ ಅಜ್ಜಿ ಲೋಟವನ್ನೇ ನೋಡುತ್ತಾ ಕೂತರು. "ಹಾಗಾದ್ರೆ ಬೆಲ್ಲ ಹಾಕಿ ಕೊಡ್ಲಾ?" ಅಂದರು. ಬೆಲ್ಲವೂ ಸಕ್ಕರೆಯೇ ಅಜ್ಜಿ. ದೇಹಕ್ಕೆ ದೊಡ್ಡ ವ್ಯತ್ಯಾಸ ಗೊತ್ತಾಗಲ್ಲ.

ನಿದ್ದೆಯ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ. ಶಾಲೆಗೆ ಹೋಗುವ ಮಗುವಿಗೆ ಒಂಬತ್ತು ತಾಸಾದರೂ ನಿದ್ದೆ ಬೇಕು. ಇನ್ನು ಆಟ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಹಾಗೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಪಿ.ಟಿ. ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಬಡಾವಣೆಯ ಖಾಲಿ ಸೈಟುಗಳಲ್ಲಿ ಮನೆ ಎದ್ದಿವೆ. ಮಗು ಎಲ್ಲಿ ಆಡಬೇಕು, ಹೇಳಿ? ಪಾರ್ಕಿನಲ್ಲಿ "ಚೆಂಡು ಆಡಬೇಡಿ" ಅಂತ ಬೋರ್ಡ್ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೊಜ್ಜಿನಿಂದ ಬಿ.ಪಿ., ಮಂಡಿನೋವು, ಗೊರಕೆ, ಹುಡುಗಿಯರಿಗೆ ಬೇಗ ಮುಟ್ಟು, ಆಮೇಲೆ ಅದರ ಏರುಪೇರು, ಎಲ್ಲವೂ ಬರಬಹುದು. ಔಷಧಿ ಕೊಡಲಾಗದ ನೋವು ಇನ್ನೊಂದಿದೆ. 'ಡುಮ್ಮ', 'ಡುಮ್ಮಿ' ಅನ್ನುವ ಮಾತು. ಅದಕ್ಕೆ ಹೆದರಿ ಮಗು ಮೈದಾನಕ್ಕೇ ಇಳಿಯುವುದಿಲ್ಲ. ಒಳಗೆ ಕೂತು ಇನ್ನಷ್ಟು ತಿನ್ನುತ್ತದೆ. ಮನೆಯಲ್ಲಿ ಪ್ರೀತಿಯಿಂದ ಕರೆದರೂ ಬೇಡ.

ಆ ಹುಡುಗನಿಗೆ ನಾನು ಡಯಟ್ ಚೀಟಿ ಬರೆಯಲಿಲ್ಲ. ಬದಲಾಗಬೇಕಾದ್ದು ಮನೆ. ಅವನೊಬ್ಬನಿಗೆ ಸೌತೆಕಾಯಿ, ಮಿಕ್ಕವರಿಗೆ ಬೋಂಡಾ ಅಂದರೆ ಅದು ಶಿಕ್ಷೆ ಆಗುತ್ತದೆ. ಹಾಗಾಗಿ ಅಪ್ಪ ಸಂಜೆ ಬೇಕರಿ ಪಫ್ ತರುವುದನ್ನು ಬಿಟ್ಟರು. ಪ್ಯಾಕೆಟ್ ಮನೆಯೊಳಗೆ ಬರಲಿಲ್ಲ. ಶಾಲೆಯಿಂದ ಬಂದ ತಕ್ಷಣ ಹೆಸರುಕಾಳಿನ ಉಸಲಿ, ಇಲ್ಲದಿದ್ದರೆ ಒಂದು ಹಿಡಿ ಹುರಿದ ಕಡಲೆಕಾಯಿ, ಮಜ್ಜಿಗೆ. ರಾತ್ರಿ ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು, ಪಲ್ಯ, ಎಂಟು ಗಂಟೆಗೆ. ಊಟದ ಹೊತ್ತಿಗೆ ಎಲ್ಲರ ಮೊಬೈಲ್ ಫ್ರಿಜ್ ಮೇಲೆ. ಅಜ್ಜಿಗೆ ಕಷ್ಟವಾಗಿದ್ದು "ಇನ್ನೊಂದು ತುತ್ತು ಕಂದಾ" ಅನ್ನುವುದನ್ನು ಬಿಡುವುದು. ಪಾಪ, ಅದು ಅವರ ಪ್ರೀತಿ. ಆ ಪ್ರೀತಿಯನ್ನು ಲಗೋರಿ ಕಡೆಗೆ ತಿರುಗಿಸಿದೆವು. ಸಂಜೆ ಬೀದಿಯ ಮಕ್ಕಳನ್ನು ಸೇರಿಸಿ ಕಾವಲು ಕೂರುವ ಕೆಲಸ ಅಜ್ಜಿಯದು.

ಮನೆ ಒಂದೇ ಸಾಲದು. 2020ರ ಆಹಾರ ಸುರಕ್ಷತಾ ನಿಯಮದ ಪ್ರಕಾರ, ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ. ನಿಮ್ಮ ಮಗುವಿನ ಶಾಲೆಯ ಗೇಟಿನ ಮುಂದೆ ಒಂದು ದಿನ ನಿಂತು ನೋಡಿ. ಪೋಷಕರ ಸಭೆಯಲ್ಲಿ ಕೇಳಿ. ಪಿ.ಟಿ. ಪೀರಿಯಡ್ ಎಲ್ಲಿ ಹೋಯಿತು ಅಂತಲೂ ಕೇಳಿ.

ಸಂಕ್ರಾಂತಿ ಕಳೆದ ಮೇಲೆ ಹುಡುಗ ಮತ್ತೆ ಬಂದ. ತೂಕ 46 ಕಿಲೋ. ತಾಯಿಯ ಮುಖ ಬಾಡಿತು. "ಒಂದು ಕಿಲೋನೂ ಇಳಿದಿಲ್ಲವಲ್ಲ ಡಾಕ್ಟ್ರೇ!" ಎತ್ತರ ಅಳೆದು ತೋರಿಸಿದೆ. 136 ಸೆಂಟಿಮೀಟರ್. ಬೆಳೆಯುವ ಮಗುವಿಗೆ ಎಷ್ಟೋ ಸಲ ತೂಕ ಇಳಿಸಬೇಕಾಗಿಲ್ಲ, ಏರದಂತೆ ಹಿಡಿದರೆ ಸಾಕು. ಎತ್ತರ ಬಂದು ತೂಕದ ಜೊತೆ ಸೇರಿಕೊಳ್ಳುತ್ತದೆ. ಕುತ್ತಿಗೆಯ ಕಪ್ಪು ಪೂರ್ತಿ ಹೋಗಿಲ್ಲ, ಸ್ವಲ್ಪ ತಿಳಿಯಾಗಿದೆ. ಮಂಡಿ ಮೇಲೆ ಬಿದ್ದು ತರಚಿದ ಹೊಸ ಗಾಯವಿತ್ತು. ಮುಂದಿನ ರಕ್ತ ಪರೀಕ್ಷೆ ಜೂನ್‌ನಲ್ಲಿದೆ.

ನಮಸ್ಕಾರ.